ಎರಡು ತುದಿಯ ಗುಟ್ಟು

ಮಕ್ಕಳೇ, ಒಂದು ಗುಟ್ಟನ್ನು ಚೀಟಿಯಲ್ಲಿ ಬರೆದು ಎರಡಾಗಿ ಹರಿದು, ಅರ್ಧ ಅಕ್ಕನಿಗೆ, ಅರ್ಧ ತಮ್ಮನಿಗೆ ಕೊಡಿ. ಒಂದೇ ಚೂರು ಸಿಕ್ಕವರಿಗೆ ಗುಟ್ಟು ತಿಳಿಯದು. ಸಣ್ಣ ಅಡಚಣೆಗೂ ಕೆಡುವ ಕ್ವಾಂಟಮ್ ಕಂಪ್ಯೂಟರಿನ ಮಾಹಿತಿಯನ್ನು ಹೀಗೆ ಹಂಚಿಡಬಹುದೇ?

ನಮ್ಮ ಮೆಟ್ರೋ ಗ್ರೀನ್ ಲೈನಿನ ಕಾಲೇಜ್ ಪಾರ್ಕಿನಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಶಂಕರ್ ದಾಸ್ ಶರ್ಮಾ ಮತ್ತು ಜೊತೆಗಾರರು 2010ರಲ್ಲಿ ಒಂದು ದಾರಿ ಸೂಚಿಸಿದರು. ಕೂದಲಿಗಿಂತ ಎಷ್ಟೋ ತೆಳುವಾದ ಸೆಮಿಕಂಡಕ್ಟರ್ ತಂತಿಗೆ ಸೂಪರ್‌ಕಂಡಕ್ಟರ್ ತಾಗಿಸಿ, ತುಂಬಾ ತಣಿಸಿ, ಕಾಂತಕ್ಷೇತ್ರದಲ್ಲಿಟ್ಟರೆ, ಎಲೆಕ್ಟ್ರಾನಿನ ಅರ್ಧರ್ಧದಂಥ ‘ಮಯೋರಾನಾ ಸ್ಥಿತಿ’ಗಳು ಎರಡು ತುದಿಗಳಲ್ಲಿ ನಿಲ್ಲುತ್ತವೆ. (ಈ ಹೆಸರಿನ ಇಟಲಿಯ ವಿಜ್ಞಾನಿ 1938ರಲ್ಲಿ ಹಡಗು ಹತ್ತಿದವರು ಮತ್ತೆ ಸಿಗಲೇ ಇಲ್ಲ!)

2012ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಸುಳಿವು ಸಿಕ್ಕಿತು. 2018ರಲ್ಲಿ ಅಲ್ಲಿಂದಲೇ ಬಂದ ‘ಗಟ್ಟಿ ಪುರಾವೆ’ ಮಾತ್ರ ನಿಲ್ಲಲಿಲ್ಲ. 2021ರಲ್ಲಿ ಲೇಖಕರೇ ಪ್ರಬಂಧವನ್ನು ಹಿಂಪಡೆದರು. ತಂತಿಯೊಳಗಿನ ದೋಷಗಳೂ ಅಂಥದೇ ಸಂಕೇತ ಕೊಡಬಲ್ಲವು. ಹಾಗೆಂದು ಲೆಕ್ಕ ಹಾಕಿ ಎಚ್ಚರಿಸಿದವರಲ್ಲಿ ದಾಸ್ ಶರ್ಮಾ ಅವರೂ ಒಬ್ಬರು.