ಮನಸ್ಸಿನ ಲೆಕ್ಕ

ಅಮೆರಿಕದ ಶಾಲೆಯಲ್ಲಿ ಮೊಮ್ಮಗುವನ್ನು ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದರೆಂದರೆ ಇಲ್ಲಿ ಅಜ್ಜ-ಅಜ್ಜಿಯರಿಗೆ ಗಾಬರಿ. ಗಾಬರಿ ಬೇಡ! ಓದು ಏಕೆ ತಲೆಗೆ ಹತ್ತುತ್ತಿಲ್ಲ, ಮಗು ಏಕೆ ಮಂಕಾಗಿದೆ ಎಂದು ಹುಡುಕುವುದೇ ಅವರ ಕೆಲಸ.

ಆ ಕುರ್ಚಿ ಸುಲಭಕ್ಕೆ ಸಿಗುವುದಿಲ್ಲ. ಪದವಿಯಾದ ಮೇಲೆ ಸುಮಾರು 3 ವರ್ಷ ಓದು. ಅಲ್ಲಿನ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ಕನಿಷ್ಠ 1,200 ಗಂಟೆ ತರಬೇತಿ, ಅದರಲ್ಲಿ 600 ಗಂಟೆ ಶಾಲೆಯಲ್ಲೇ, ಮೇಲೊಂದು ಪರೀಕ್ಷೆ. ದಿನಕ್ಕೆ 8 ಗಂಟೆಯಂತೆ ಲೆಕ್ಕ ಹಾಕಿ ಮಕ್ಕಳೇ, 150 ದಿನ!

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಕೂತವನು. ಹಣದ ಲೆಕ್ಕ ತಪ್ಪಿದರೆ ಸಂಜೆ ತಾಳೆ ನೋಡಿ ಸರಿಪಡಿಸಬಹುದು. ಮಗುವಿನ ಮನಸ್ಸು ಹಾಗಲ್ಲ. ಅದಕ್ಕೇ ಇಷ್ಟು ತಯಾರಿ.

ಅವರು ಕರೆದರೆ ಹೆದರದೆ ಮನಬಿಚ್ಚಿ ಮಾತಾಡಿ, ಮಕ್ಕಳೇ. ಅಜ್ಜ-ಅಜ್ಜಿಯರೇ, ಮನೆಯಲ್ಲಿ ನೀವೂ ಕಿವಿಗೊಡಿ.