ಎರಡು ಗಾಲಿಯ ಪ್ರಜೆ

ನಗರದ ಬೀದಿಯಲ್ಲಿ ದ್ವಿಚಕ್ರ ವಾಹನದ ಸವಾರನಷ್ಟು ಬೈಗುಳ ತಿನ್ನುವವನು ಇನ್ನೊಬ್ಬನಿಲ್ಲ. ಆತ ಪಾದಚಾರಿಗಳ ಹಾದಿಯ ಮೇಲೆ ಹತ್ತುತ್ತಾನೆ, ಎದುರು ದಿಕ್ಕಿನಿಂದ ಬರುತ್ತಾನೆ, ಎರಡು ಬಸ್ಸುಗಳ ನಡುವಣ ಗೇಣು ಜಾಗದಲ್ಲಿ ನುಸುಳುತ್ತಾನೆ. ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳಿಂದ ಸ್ಕೂಟರಿನ ಮೇಲೆಯೇ ಕಾಲೇಜಿಗೆ ಹೋಗಿ ಬರುತ್ತಿರುವ ನಾನು ಈ ಆರೋಪಗಳನ್ನು ಅಲ್ಲಗಳೆಯಲಾರೆ. ಇವುಗಳಲ್ಲಿ ಕೆಲವು ನನ್ನವೂ ಉಂಟು. ಆದರೆ ವಾಹನ ದಟ್ಟಣೆಯನ್ನು ತಗ್ಗಿಸಲು ಸರಕಾರಗಳು ಹೂಡುವ ಯೋಜನೆಗಳಿಗೆ ಈತ ತೋರುವ ಪ್ರತಿಕ್ರಿಯೆಯನ್ನು ಕೇವಲ ಅಶಿಸ್ತೆಂದು ತಳ್ಳಿಹಾಕುವುದು ನ್ಯಾಯವಲ್ಲ.

ದೆಹಲಿಯಲ್ಲಿ ನಡೆದುದನ್ನು ನೋಡೋಣ. 2016ರ ಜನವರಿ 1ರಿಂದ 15ರವರೆಗೆ ಅಲ್ಲಿ ಸಮ-ಬೆಸ ನಿಯಮವು ಜಾರಿಯಲ್ಲಿತ್ತು. ನೋಂದಣಿ ಸಂಖ್ಯೆಯ ಕೊನೆಯ ಅಂಕಿ ಬೆಸವಾಗಿದ್ದ ಕಾರು ಬೆಸ ತಾರೀಕಿನಂದು, ಸಮವಾಗಿದ್ದುದು ಸಮ ತಾರೀಕಿನಂದು ಹೊರಡಬೇಕು. ತಪ್ಪಿದರೆ 2000 ರೂಪಾಯಿ ದಂಡ. ಶಾಲೆಗಳಿಗೆ ರಜೆ ಕೊಟ್ಟು ಅವುಗಳ ಬಸ್ಸುಗಳನ್ನೂ ಬಳಸಿಕೊಂಡರು. ಇಷ್ಟೆಲ್ಲ ಮಾಡಿಯೂ ದ್ವಿಚಕ್ರ ವಾಹನಗಳ ಗೋಜಿಗೆ ಹೋಗಲಿಲ್ಲ. 2017ರ ನವೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಈ ವಿನಾಯಿತಿಯನ್ನು ಕೈಬಿಟ್ಟರೆ ಮಾತ್ರ ನಿಯಮ ಮತ್ತೆ ಜಾರಿಗೆ ಬರಲಿ ಎಂದಿತು. ಸರಕಾರ ಯೋಜನೆಯನ್ನೇ ಹಿಂದಕ್ಕೆ ತೆಗೆದುಕೊಂಡಿತು. ಅಷ್ಟು ಮಂದಿಯನ್ನು ಹೊರಲು ಬಸ್ಸುಗಳೆಲ್ಲಿ? ಸರಕಾರಕ್ಕೆ ಒದಗಿಸಲಾಗದ ಬಸ್ಸನ್ನು ಸವಾರನು ಕಂತಿನ ಸಾಲದಿಂದ ತಾನೇ ಒದಗಿಸಿಕೊಂಡಿದ್ದಾನೆ. ಇದನ್ನು ಬಲ್ಲುದರಿಂದಲೇ ಅವನಿಗೆ ವಿನಾಯಿತಿ.

ಇಂಡೊನೇಷ್ಯದ ಜಕಾರ್ತಾ ನಗರವು ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. 2014ರ ಡಿಸೆಂಬರಿನಲ್ಲಿ ಅಲ್ಲಿಯ ಹೆದ್ದಾರಿಯಂಥ ತಮ್ರಿನ್ ಬೀದಿಗೆ ಮೋಟಾರು ಸೈಕಲುಗಳ ಪ್ರವೇಶವನ್ನೇ ತಡೆದರು. ಕಾರುಗಳಿಗೆ ಈ ನಿಷೇಧ ತಗುಲಲಿಲ್ಲ. ಉಚಿತ ಬಸ್ಸು ಬಿಟ್ಟರೂ ಅನೇಕರು ಪಕ್ಕದ ಬೀದಿಗಳನ್ನು ಸುತ್ತಿಕೊಂಡು ಹೋದರು. ಕೊನೆಗೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಾಗಿ 2018ರ ಜನವರಿಯಲ್ಲಿ ನಿಷೇಧ ತೆರವಾಯಿತು. ಬೀದಿಯ ಒಂದು ತುಂಡಿಗೆ ಬಸ್ಸು ಕೊಟ್ಟರೆ, ಮನೆಯಿಂದ ಆ ತುಂಡಿನವರೆಗೆ ಬರುವುದು ಹೇಗೆಂದು ಯಾರೂ ಕೇಳಿದಂತಿಲ್ಲ.

ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದ. ಹಗಲು ಪಾಠ, ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಮನೆಮನೆಗೆ ಊಟ ತಲಪಿಸುವ ಕೆಲಸ. ಒಂದು ದಿನ ಮೊಣಕೈ ತರಚಿಕೊಂಡು ಬಂದ. ಬಸ್ಸಿನಲ್ಲಿ ಬರಬಾರದೇನಯ್ಯಾ ಎಂದು ಗುರುವಿಗೆ ಸಹಜವಾದ ಗಾಂಭೀರ್ಯದಿಂದ ಕೇಳಿದೆ. “ನಮ್ಮ ಕಡೆ ಬಸ್ಸು ಗಂಟೆಗೊಂದು, ಸಾರ್. ಅದಕ್ಕೆ ಕಾದರೆ ಸಂಜೆ ಕೆಲಸ ಹೋಗುತ್ತೆ” ಎಂದ. ನಾನು ಹಾಜರಿ ಹಾಕಿ ಸುಮ್ಮನಾದೆ.

ವಿನಾಯಿತಿ ಶಾಶ್ವತವಾಗಿರಲಿ ಎಂದು ನಾನು ವಾದಿಸುತ್ತಿಲ್ಲ. ನಮ್ಮ ದೇಶದ ರಸ್ತೆಗಳಲ್ಲಿ ಅಪಘಾತದಿಂದ ಸಾಯುವವರಲ್ಲಿ ಅತ್ಯಧಿಕ ಸಂಖ್ಯೆ ದ್ವಿಚಕ್ರಿಗಳದೇ. ಬೆಂಗಳೂರಿನಲ್ಲಿಯೂ ಆಗಾಗ ದಟ್ಟಣೆ ಶುಲ್ಕದ ಮಾತು ಕೇಳಿಬರುತ್ತದೆ, ಬರಲಿ. ಆದರೆ ಶುಲ್ಕಕ್ಕೂ ನಿಷೇಧಕ್ಕೂ ಮೊದಲು ಬಸ್ಸು ಬರಬೇಕು, ಅದಕ್ಕೊಂದು ನಿರಾತಂಕವಾದ ದಾರಿ ಇರಬೇಕು.

ಇದು ಬರಿಯ ತರ್ಕವಲ್ಲ. 2019ರ ಅಕ್ಟೋಬರಿನಲ್ಲಿ ನಮ್ಮ ಹೊರ ವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ವೃತ್ತದಿಂದ ಕೃಷ್ಣರಾಜಪುರದವರೆಗೆ, ಬಸ್ಸುಗಳಿಗೆಂದೇ ಒಂದು ಪಥವನ್ನು ಬಿಡಿಸಿಕೊಟ್ಟರು. ಮಾರತಹಳ್ಳಿಯ ಬಳಿ ಹೊಗೆಯ ನಡುವೆ ಸ್ಕೂಟರು ನಿಲ್ಲಿಸಿಕೊಂಡು ನಿಂತಿದ್ದ ನನಗೆ ಆ ಖಾಲಿ ಪಥದೊಳಕ್ಕೆ ನುಗ್ಗುವ ಆಸೆಯಾಗದಿರಲಿಲ್ಲ. ಅಷ್ಟರಲ್ಲಿ ಜನ ತುಂಬಿದ ಬಸ್ಸೊಂದು ಪಕ್ಕದಲ್ಲಿಯೇ ಸಾಗಿಹೋಯಿತು. ಬಸ್ಸು ನನ್ನನ್ನು ಹಿಂದಿಕ್ಕಿದುದನ್ನು ನಾನು ಕಂಡದ್ದು ಅದೇ ಮೊದಲು. ಯಾರೂ ದಂಡ ಹಾಕಲಿಲ್ಲ, ಯಾರೂ ಉಪದೇಶಿಸಲಿಲ್ಲ. ಮರುವಾರ ಸ್ಕೂಟರನ್ನು ಮನೆಯಲ್ಲಿ ಬಿಟ್ಟು ಬಸ್ಸು ಹತ್ತಿದೆ. ಕಿಟಕಿಯ ಪಕ್ಕದಲ್ಲಿ ಕುಳಿತು ಪುಸ್ತಕ ಓದುವ ಸುಖವೂ ದೊರೆಯಿತೆನ್ನಿ.

ಮುಂದೆ ಮೆಟ್ರೊ ಕಾಮಗಾರಿ ಬಂದು ಆ ಪಥ ಇಲ್ಲವಾಯಿತು. ನಾನು ಮತ್ತೆ ಸ್ಕೂಟರು ಹತ್ತಿದೆ.