ಸುಡದ ಆರ್ಗನ್ ಅನ್ನು ಬಿಚ್ಚಿದ್ದೇಕೆ?

2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನೋಟ್ರೆ ಡಾಮ್ ಕೆಥೆಡ್ರಲ್‌ನ ಛಾವಣಿ ಹೊತ್ತಿ ಉರಿಯಿತು. ಅಲ್ಲಿನ ದೊಡ್ಡ ಪೈಪ್ ಆರ್ಗನ್ ಕೂಡ ಸುಟ್ಟುಹೋಯಿತೇ? ಇಲ್ಲ, ಬೆಂಕಿ ಅದನ್ನು ಮುಟ್ಟಲಿಲ್ಲ. ಆದರೂ ಸುಮಾರು 8,000 ಕೊಳವೆಗಳ ಈ ವಾದ್ಯದ ಬಹುಭಾಗವನ್ನು 2020ರಲ್ಲಿ ಬಿಚ್ಚಬೇಕಾಯಿತು. ಕಾರಣ, ಸೀಸದ ದೂಳು.

ಕೆಥೆಡ್ರಲ್‌ನ ಛಾವಣಿಗೆ ಸೀಸದ ಹಾಳೆಗಳನ್ನು ಹೊದಿಸಲಾಗಿತ್ತು. ಬೆಂಕಿಯಲ್ಲಿ ಅದರ ಸೂಕ್ಷ್ಮ ಕಣಗಳು ಹಾರಿ ಆರ್ಗನ್ ಮೇಲೂ ಕುಳಿತವು.

ಆರ್ಗನ್‌ನ ಲೋಹದ ಕೊಳವೆಗಳನ್ನೇ ಸಾಮಾನ್ಯವಾಗಿ ತವರ ಮತ್ತು ಸೀಸದ ಮಿಶ್ರಲೋಹದಿಂದ ಮಾಡುತ್ತಾರಲ್ಲ, ಹಾಗಾದರೆ ದೂಳಿಗೇಕೆ ಭಯ? ಗಟ್ಟಿಯಾಗಿರುವ ಸೀಸ ಉಸಿರಿನೊಂದಿಗೆ ಒಳಹೋಗುವುದಿಲ್ಲ, ದೂಳು ಹೋಗುತ್ತದೆ. ಅದು ನರಮಂಡಲಕ್ಕೆ, ಮುಖ್ಯವಾಗಿ ಮಕ್ಕಳ ಮಿದುಳಿಗೆ ಹಾನಿಕರ. ಆರ್ಗನ್ ನುಡಿಯುವುದೇ ಕೊಳಲಿನಂತೆ ಗಾಳಿಯಿಂದ. ಸ್ವಚ್ಛಗೊಳಿಸದೆ ನುಡಿಸಿದರೆ ಆ ಗಾಳಿಯೇ ದೂಳನ್ನು ಹರಡೀತು.

ಹಾಗಾಗಿ ಭಾಗಗಳನ್ನು ಕಾರ್ಯಾಗಾರಗಳಿಗೆ ಒಯ್ದು ಶುಚಿಗೊಳಿಸಿದರು. ಮರುಜೋಡಣೆಯ ನಂತರ ಸ್ವರ ಹೊಂದಿಸುವ ಕೆಲಸ ರಾತ್ರಿ ಹೊತ್ತು ನಡೆಯಿತು. ಹಗಲಿನಲ್ಲಿ ಕಟ್ಟಡ ಕಾಮಗಾರಿಯ ಸದ್ದು! ಪ್ರತಿ ಕೊಳವೆಯ ನಾದವನ್ನೂ ಕಿವಿಯಿಂದಲೇ ಪರೀಕ್ಷಿಸಬೇಕಲ್ಲವೇ?

ಈ ವಾದ್ಯಕ್ಕೆ ದುರಸ್ತಿ ಹೊಸದಲ್ಲ. 1730ರ ದಶಕದಲ್ಲಿ ಫ್ರಾನ್ಸ್ವಾ ತಿಯೆರಿ ಕಟ್ಟಿದ್ದ ಆರ್ಗನ್ ಅನ್ನು ಅರಿಸ್ಟೀಡ್ ಕವಾಯೆ-ಕಾಲ್ 1868ರ ಹೊತ್ತಿಗೆ ಪುನರ್‌ರೂಪಿಸಿದ್ದರು. 2024ರ ಡಿಸೆಂಬರ್ 7ರಂದು, ಕೆಥೆಡ್ರಲ್ ಮರಳಿ ತೆರೆದ ದಿನ, ಅದು ಮತ್ತೆ ನುಡಿಯಿತು.